ಗಾಡಿ ಮೇಲೆ ಕೂತಾಗ ಫೋನ್ ಬೇಡ: ಹದಿಹರೆಯದ ಮಕ್ಕಳಿರುವ ಪುಣೆಯ ಕನ್ನಡ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಪುಣೆಯಲ್ಲಿ ಮಕ್ಕಳ ಹನ್ನೆರಡನೇ ತರಗತಿ ಮುಗಿಯುವಷ್ಟರಲ್ಲಿ ಮನೆಗೆ ಎರಡನೇ ಸ್ಕೂಟರ್ ಬಂದಿರುತ್ತದೆ. ಕೋಥ್ರೂಡ್‌ನಿಂದ ಶಿವಾಜಿನಗರದ ಕಾಲೇಜಿಗೆ, ಅಲ್ಲಿಂದ ಕ್ಲಾಸಿಗೆ, ಕ್ಲಾಸಿನಿಂದ ಎಫ್‌ಸಿ ರೋಡಿಗೆ ಅಂತ ದಿನವಿಡೀ ಗಾಡಿ ಓಡುತ್ತಲೇ ಇರುತ್ತದೆ. ಧಾರವಾಡ, ವಿಜಯಪುರ, ಕಲಬುರಗಿ, ಉಡುಪಿ ಕಡೆಯಿಂದ ಬಂದು ಇಲ್ಲಿ ನೆಲೆಯೂರಿದ ನಮ್ಮ ಮನೆಗಳಲ್ಲೂ ಇದೇ ಕತೆ. ಕೀಲಿ ಕೊಡುವಾಗ "ಜೋಪಾನ, ಜೋರಾಗಿ ಓಡಿಸಬೇಡ, ಫೋನ್ ನೋಡಬೇಡ" ಎಂದು ಹೇಳುತ್ತೇವೆ. ಗಾಡಿ ಸೊಸೈಟಿಯ ಗೇಟು ದಾಟಿ ಸ್ವಲ್ಪ ಹೊತ್ತಾದರೆ ಸಾಕು, ನಾವೇ ಫೋನ್ ಹಚ್ಚುತ್ತೇವೆ: "ಎಲ್ಲಿದ್ದೀ? ಮುಟ್ಟಿದೀ ಏನು?"

ಈ ಮಾರ್ಗದರ್ಶಿ ಶುರುವಾಗುವುದೇ ಇಲ್ಲಿಂದ. ಓಡುವ ಗಾಡಿಯ ಮೇಲಿರುವ ಹುಡುಗನಿಗೆ ಫೋನ್ ಎತ್ತಲೇಬೇಕು ಅನ್ನಿಸುವುದಕ್ಕೆ ಕಾರಣ ಅವನ ಚಟ ಒಂದೇ ಅಲ್ಲ. ಎತ್ತದಿದ್ದರೆ ಮನೆಯಲ್ಲಿ ಬೈಗುಳ, ಉತ್ತರ ಕೊಡದಿದ್ದರೆ ಗೆಳೆಯರಲ್ಲಿ ಮುನಿಸು. ಈ ಬಾಧ್ಯತೆಯನ್ನು ಇಳಿಸಿದರೆ ಅರ್ಧ ಕೆಲಸ ಆದಂತೆ. ಅದನ್ನು ಹಾಗೇ ಇಟ್ಟು ಬುದ್ಧಿ ಮಾತ್ರ ಹೇಳುತ್ತಿದ್ದರೆ ಮಕ್ಕಳು ಫೋನನ್ನು ಇನ್ನಷ್ಟು ಮುಚ್ಚಿಟ್ಟು ಬಳಸುವುದನ್ನು ಕಲಿಯುತ್ತಾರೆ, ಅಷ್ಟೇ.

ಹಂತ 1: ವಯಸ್ಸು, ಲೈಸೆನ್ಸ್, ಗಾಡಿ ಮೂರೂ ಸರಿಯಿವೆಯೇ ನೋಡಿ

ಇದನ್ನು ಹಾರಿಸಿ ಮುಂದೆ ಹೋಗುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 4ನೇ ಕಲಂ ಪ್ರಕಾರ 16 ತುಂಬಿದವರು ಓಡಿಸಬಹುದಾದದ್ದು 50 ಸಿಸಿ ಮೀರದ ಎಂಜಿನ್ನಿನ ದ್ವಿಚಕ್ರ ವಾಹನ ಮಾತ್ರ. ನಮ್ಮ ಮನೆಗಳ ಮುಂದೆ ನಿಂತಿರುವ ಆಕ್ಟಿವಾ, ಜುಪಿಟರ್ ಎಲ್ಲವೂ ನೂರು ಸಿಸಿಯ ಮೇಲಿನವು. ಅವುಗಳಿಗೆ 18 ತುಂಬಿರಲೇಬೇಕು. "ಇಲ್ಲೇ ಓಣಿಯೊಳಗ ಅಷ್ಟೇ" ಅನ್ನುವ ಸಮಜಾಯಿಷಿ ಕಾನೂನಿನ ಮುಂದೆ ನಡೆಯುವುದಿಲ್ಲ.

2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಇನ್ನೂ ಕಟ್ಟುನಿಟ್ಟಾಗಿದೆ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರನ್ನು ತಪ್ಪಿತಸ್ಥರೆಂದೇ ಭಾವಿಸಲಾಗುತ್ತದೆ. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ವಿಮಾ ಕಂಪನಿ ಗಾಯಗೊಂಡವರಿಗೆ ಪರಿಹಾರ ಕೊಟ್ಟರೂ ಆ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡಲು ದಾರಿಯಿದೆ. 2024ರ ಮೇ 19ರಂದು ಕಲ್ಯಾಣಿನಗರದಲ್ಲಿ 17ರ ಹುಡುಗ ಓಡಿಸುತ್ತಿದ್ದ ಕಾರು ಬಡಿದು ಇಬ್ಬರು ಯುವ ಎಂಜಿನಿಯರುಗಳು ತೀರಿಕೊಂಡ ಮೇಲೆ ಪುಣೆಯಲ್ಲಿ ಈ ಕಲಂ ಗೊತ್ತಿಲ್ಲದವರೇ ಇಲ್ಲ. ಅದು ಫೋನಿನಿಂದಾದ ಅಪಘಾತವಲ್ಲ, ಕುಡಿದು ಓಡಿಸಿದ ಆರೋಪದ ಪ್ರಕರಣ. ಆದರೂ ಕೀಲಿ ಕೊಟ್ಟವರ ಹೊಣೆ ಏನೆಂಬುದನ್ನು ಊರಿಗೆಲ್ಲ ತಿಳಿಸಿತು.

18 ತುಂಬಿದ ಮೇಲೆ ಪರಿವಾಹನ್ ಸಾರಥಿ ಜಾಲತಾಣದಲ್ಲಿ ಲರ್ನರ್ಸ್ ಲೈಸೆನ್ಸಿಗೆ ಅರ್ಜಿ ಹಾಕಿ. ಅದು ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ನನ್ನ ಸಲಹೆ: 31ನೇ ದಿನಕ್ಕೇ ಅವಸರ ಮಾಡಬೇಡಿ. ಕೆಳಗೆ ಹೇಳುವ ಅಭ್ಯಾಸಕ್ಕೆ ಈ ಆರು ತಿಂಗಳು ಬಹಳ ಬೆಲೆಯುಳ್ಳವು.

ಹಂತ 2: ಗಮನ ತಪ್ಪುವುದು ಎಂದರೇನು ಎಂದು ಲೆಕ್ಕ ಹಾಕಿ ತೋರಿಸಿ

ಈ ವಯಸ್ಸಿನವರಿಗೆ "ಅಪಾಯ" ಎಂಬ ಪದ ತಾಕುವುದಿಲ್ಲ, ಲೆಕ್ಕ ತಾಕುತ್ತದೆ. ಪೆನ್ನು ಕಾಗದ ಕೊಟ್ಟು ಅವರ ಕೈಯಿಂದಲೇ ಮಾಡಿಸಿ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಯಾರ ಮೆಸೇಜ್ ಎಂದು ನೋಡಲು ಮೂರು ಸೆಕೆಂಡ್ ಕಣ್ಣು ಕೆಳಗಿಳಿದರೆ ಗಾಡಿ 33 ಮೀಟರ್ ಮುಂದೆ ಹೋಗಿರುತ್ತದೆ. ಪಿಎಂಪಿಯ ದೊಡ್ಡ ಬಸ್ಸು 12 ಮೀಟರ್ ಉದ್ದ. ಹೆಚ್ಚುಕಡಿಮೆ ಮೂರು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ, ಅಷ್ಟು ದೂರ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ. ಕಣ್ಣೆತ್ತಿದ ಮೇಲೆ ಕಂಡದ್ದು ತಲೆಗೆ ಹೋಗಿ ಕೈ ಬ್ರೇಕ್ ಹಿಡಿಯಲು ಇನ್ನೊಂದು ಸೆಕೆಂಡ್, ಅಂದರೆ ಮತ್ತೆ 11 ಮೀಟರ್. ಆ ಬಳಿಕವಷ್ಟೇ ಗಾಡಿ ನಿಲ್ಲಲು ಶುರುವಾಗುತ್ತದೆ.

ಗಮನ ಮೂರು ರೀತಿಯಲ್ಲಿ ತಪ್ಪುತ್ತದೆ: ಕಣ್ಣು ರಸ್ತೆ ಬಿಡುವುದು, ಕೈ ಹ್ಯಾಂಡಲ್ ಬಿಡುವುದು, ಮನಸ್ಸು ಬೇರೆ ಕಡೆ ಹೋಗುವುದು. ಮೆಸೇಜ್ ಟೈಪ್ ಮಾಡುವಾಗ ಮೂರೂ ಒಟ್ಟಿಗೆ ಆಗುತ್ತವೆ. ಮಕ್ಕಳು ವಾದ ಮಾಡುವುದು ಮೂರನೆಯದರ ಮೇಲೆ. "ಇಯರ್‌ಬಡ್ಸ್ ಹಾಕ್ಕೊಂಡ್ರ ಕೈ ಫ್ರೀ ಇರ್ತದಲ್ಲ?" ಎನ್ನುತ್ತಾರೆ. ಕೈ ಬಿಡುವಾಗಿರುತ್ತದೆ, ತಲೆ ಇರುವುದಿಲ್ಲ. ಓಡಿಸುವಾಗ ಫೋನ್ ಬಳಸುವವರಿಗೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದೂ, ಹ್ಯಾಂಡ್ಸ್-ಫ್ರೀ ಇದ್ದರೂ ಅದೇನೂ ಬಹಳ ಸುರಕ್ಷಿತವಲ್ಲ ಎಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ವನಿಯಿಂದ ಫೋನಿಗೆ ಆದೇಶ ಕೊಟ್ಟು ಮುಗಿಸಿದ ಮೇಲೂ ಚಾಲಕನ ಗಮನ ಪೂರ್ತಿ ರಸ್ತೆಗೆ ಮರಳಲು ಕೆಲವೊಮ್ಮೆ 27 ಸೆಕೆಂಡುಗಳವರೆಗೆ ಬೇಕಾಯಿತು.

ನಳ ಸ್ಟಾಪ್ ಸಿಗ್ನಲ್ಲಿನಲ್ಲಿ ಒಂದು ಸಂಜೆ ನಿಂತು ನೋಡಿ, ಈ 27 ಸೆಕೆಂಡ್ ಅಂದರೆ ಏನೆಂದು ಗೊತ್ತಾಗುತ್ತದೆ. ಕೆಂಪು ದೀಪ ಬಿದ್ದ ಕೂಡಲೇ ಫೋನುಗಳು ಹೊರಬರುತ್ತವೆ. ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿಕೊಂಡ ಹುಡುಗಿಯ ಹೆಬ್ಬೆರಳು ಓಡುತ್ತಿರುತ್ತದೆ. ಹಸಿರು ಬಿದ್ದಾಗ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಅವಳು ಫೋನನ್ನು ಹೆಲ್ಮೆಟ್ಟಿನ ಸಂದಿಗೋ ಮುಂದಿನ ಖಾನೆಗೋ ತುರುಕಿ, ಬಲಗೈಯಿಂದ ಒಮ್ಮೆಲೇ ರೇಸ್ ಕೊಡುತ್ತಾಳೆ. ಗಾಡಿ ಚೌಕದ ನಡುವೆ ಬಂದಿರುತ್ತದೆ, ಮನಸ್ಸು ಅರ್ಧ ಬರೆದ ಮೆಸೇಜಿನಲ್ಲೇ ಇರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗಲೂ ಫೋನ್ ಮುಟ್ಟಬಾರದು ಎನ್ನುವ ನಿಯಮಕ್ಕೆ ಇದೇ ಕಾರಣ. ಕಾರಣ ಹೇಳದೆ ನಿಯಮ ಹೇಳಿದರೆ ಮಕ್ಕಳು ಅದನ್ನು ಹಿರಿಯರ ಹಟ ಅಂದುಕೊಳ್ಳುತ್ತಾರೆ.

ಹಂತ 3: ಮೊದಲು ನಿಮ್ಮ ಫೋನ್ ಸೀಟಿನಡಿಯ ಡಿಕ್ಕಿಯೊಳಗೆ ಹೋಗಲಿ

ಇದಕ್ಕೆ ವಿವರಣೆ ಹೆಚ್ಚು ಬೇಡ. ಅಪ್ಪ ಕಾರು ಓಡಿಸುತ್ತ ಆಫೀಸಿನ ಕಾಲ್ ಮುಗಿಸುವುದನ್ನು, ಅಮ್ಮ ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುವುದನ್ನು ಮಗು ಹತ್ತು ವರ್ಷದಿಂದ ಹಿಂದಿನ ಸೀಟಿನಲ್ಲಿ ಕೂತು ನೋಡಿದೆ. ಮನೆಯ ನಿಯಮ ಮನೆಯವರಿಗೆಲ್ಲ ಒಂದೇ ಎಂದು ಘೋಷಿಸಿ, ತಪ್ಪಿದರೆ ಹೇಳುವ ಹಕ್ಕನ್ನು ಮಕ್ಕಳಿಗೂ ಕೊಡಿ. ಅವರು ಹೇಳಿದಾಗ ಸಿಟ್ಟಾಗದೆ ಗಾಡಿ ಪಕ್ಕಕ್ಕೆ ಹಾಕಿ.

ಹಂತ 4: "ಎಲ್ಲಿದ್ದೀ?" ಕರೆಯನ್ನು ನಿಲ್ಲಿಸಿ

ಈ ಹಂತವನ್ನು ಮನೆಯವರೆಲ್ಲ ಕೂತು ಮಾಡಬೇಕು. ಅಜ್ಜಿ-ಅಜ್ಜನೂ ಇರಲಿ.

ಮಕ್ಕಳು ಗಾಡಿ ಹತ್ತುವ ಮುಂಚೆ ಒಂದು ಮೆಸೇಜ್ ಹಾಕಲಿ: "ಹೊಂಟೆ." ಮುಟ್ಟಿ, ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ಹಾಕಿದ ಮೇಲೆ ಇನ್ನೊಂದು: "ಮುಟ್ಟಿದೆ." ಈ ಎರಡರ ನಡುವೆ ಮನೆಯಿಂದ ಯಾರೂ ಕರೆ ಮಾಡುವಂತಿಲ್ಲ. ಹಾಲು ಮುಗಿದಿದ್ದರೂ, ಮಾವ ಬಂದಿದ್ದರೂ ಕಾಯಬೇಕು. ಊರಿನಿಂದ ಸಂಜೆ ತಪ್ಪದೆ ಫೋನ್ ಮಾಡುವ ಅಜ್ಜಿಗೂ ಹೇಳಿ: "ಅವ್ವಾ, ಆರರಿಂದ ಏಳರ ತನಕ ಅಕಿ ಗಾಡಿ ಮ್ಯಾಲೆ ಇರ್ತಾಳ, ಎಂಟಕ್ಕ ಮಾಡು." ಅಜ್ಜಿಯರು ಇದನ್ನು ನಾವಂದುಕೊಂಡದ್ದಕ್ಕಿಂತ ಬೇಗ ಒಪ್ಪುತ್ತಾರೆ. ಒಪ್ಪುವುದು ಕಷ್ಟವಾಗುವುದು ತಾಯ್ತಂದೆಯರಿಗೆ.

ಮಗು ಇನ್ನೂ ಮುಟ್ಟಿಲ್ಲವಲ್ಲ ಎಂಬ ಆತಂಕ ಸಹಜ. ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಂಡು ಸುಮ್ಮನೆ ಕೂಡಿ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಬೇರೆ ದಾರಿಯಿದೆ. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ನನ್ನು 15 ನಿಮಿಷ, ಒಂದು ಗಂಟೆ ಅಥವಾ ಎಂಟು ಗಂಟೆಗೆ ಹಂಚಿಕೊಳ್ಳಬಹುದು. ಹೊರಡುವಾಗ ಒಂದು ಗಂಟೆಯದನ್ನು ಹಾಕಿ ಹೋದರೆ ಮನೆಯಲ್ಲಿ ಕೂತೇ ನೋಡಬಹುದು, ಕರೆ ಮಾಡಬೇಕಿಲ್ಲ. ಒಂದು ಎಚ್ಚರಿಕೆ: ಇದು ಪ್ರಯಾಣಕ್ಕೆ ಮಾತ್ರ. "ಮೂರೂವರೆಗೆ ಜೆಎಂ ರೋಡಿನ್ಯಾಗ ಏನು ಮಾಡ್ತಿದ್ದಿ?" ಎಂದು ಒಮ್ಮೆ ವಿಚಾರಣೆ ಮಾಡಿದರೆ ಮಾರನೇ ದಿನದಿಂದ ಲೊಕೇಶನ್ ಬರುವುದು ನಿಲ್ಲುತ್ತದೆ. ನಂಬಿಕೆಯೂ ಅದರೊಂದಿಗೇ ಹೋಗುತ್ತದೆ.

ತೀರಾ ತುರ್ತಾದರೆ? ಒಂದು ಮೆಸೇಜ್ ಹಾಕಿ, ನಿಂತಾಗ ನೋಡುತ್ತಾರೆ. ಆಸ್ಪತ್ರೆಯ ಸುದ್ದಿಯೇ ಇದ್ದರೂ ಕರ್ವೆ ರೋಡಿನ ಟ್ರಾಫಿಕ್ಕಿನ ನಡುವೆ ಅದನ್ನು ಕಿವಿಗೆ ಹಾಕಿದರೆ ಮನೆಯಲ್ಲಿ ಇನ್ನೊಂದು ತುರ್ತು ಹುಟ್ಟಬಹುದು.

ಹಂತ 5: ಫೋನನ್ನು ಸಜ್ಜು ಮಾಡಿ, ಆಮೇಲೆ ಕಣ್ಮರೆ ಮಾಡಿ

ಐಫೋನ್ ಇದ್ದರೆ ಸೆಟ್ಟಿಂಗ್ಸ್‌ನ ಫೋಕಸ್ ಒಳಗೆ ಡ್ರೈವಿಂಗ್ ಎಂಬುದಿದೆ. ಅದನ್ನು ಹಾಕಿದರೆ ಮೆಸೇಜ್ ಕಳಿಸಿದವರಿಗೆ "ಗಾಡಿ ಓಡಿಸುತ್ತಿದ್ದೇನೆ, ಆಮೇಲೆ ಮಾತಾಡುತ್ತೇನೆ" ಎಂಬ ಉತ್ತರ ತಾನಾಗಿಯೇ ಹೋಗುವಂತೆ ಮಾಡಬಹುದು. ಆ ಸಾಲನ್ನು ಕನ್ನಡದಲ್ಲೋ ಮರಾಠಿಯಲ್ಲೋ ಮಕ್ಕಳೇ ಬರೆದುಕೊಳ್ಳಲಿ. ಸ್ಯಾಮ್‌ಸಂಗ್‌ನಲ್ಲಿ ಮೋಡ್ಸ್ ಅಂಡ್ ರುಟೀನ್ಸ್ ಒಳಗೆ ಡ್ರೈವಿಂಗ್ ಮೋಡ್ ಇದೆ. ಬೇರೆ ಆಂಡ್ರಾಯ್ಡ್ ಫೋನುಗಳಲ್ಲಿ ಡೂ ನಾಟ್ ಡಿಸ್ಟರ್ಬ್ ಸಾಕು. ಆದರೆ ಅದರೊಳಗೆ 'ರಿಪೀಟ್ ಕಾಲರ್ಸ್' ಎಂಬ ಒಂದು ಗುಂಡಿ ಇರುತ್ತದೆ. ಒಬ್ಬರೇ ಬೆನ್ನುಬೆನ್ನಿಗೆ ಎರಡು ಸಲ ಕರೆ ಮಾಡಿದರೆ ಎರಡನೆಯದು ರಿಂಗ್ ಆಗಲಿ ಎಂಬ ಏರ್ಪಾಡು ಅದು. ಅದನ್ನು ಬಂದ್ ಮಾಡಿ. ಬೆನ್ನುಬೆನ್ನಿಗೆ ಕರೆ ಮಾಡುವವರು ಹೆಚ್ಚಾಗಿ ನಾವೇ ಆಗಿರುತ್ತೇವೆ.

ಆಮೇಲೆ ಫೋನ್ ಸೀಟಿನ ಕೆಳಗಿನ ಡಿಕ್ಕಿಗೆ. ಪ್ಯಾಂಟಿನ ಜೇಬು ಬೇಡ, ಅಲ್ಲಿ ಅದು ಕುಣಿದರೆ ತೊಡೆಗೆ ಗೊತ್ತಾಗುತ್ತದೆ, ಮನಸ್ಸು ಅತ್ತ ಹೋಗುತ್ತದೆ. ಮುಂದಿನ ಖಾನೆಯಂತೂ ಬೇಡವೇ ಬೇಡ. ಸೀಟು ಎತ್ತಿ ತೆಗೆಯಬೇಕಾದರೆ ಗಾಡಿ ನಿಲ್ಲಿಸಲೇಬೇಕು. ಡಿಕ್ಕಿಯ ಲಾಭ ಇದೇ.

ಮ್ಯಾಪ್ ಬೇಕು ಎನ್ನುವವರಿಗೆ: ದಾರಿ ತೋರಿಸಲು ಮಾತ್ರ, ಗಮನ ಕೆಡದ ರೀತಿಯಲ್ಲಿ ಫೋನ್ ಬಳಸಲು 2020ರ ಅಕ್ಟೋಬರ್ 1ರಿಂದ ನಿಯಮದಲ್ಲಿ ಅವಕಾಶವಿದೆ. ಹ್ಯಾಂಡಲ್ಲಿಗೆ ಗಟ್ಟಿ ಹೋಲ್ಡರ್ ಇರಲಿ, ಜಾಗದ ಹೆಸರನ್ನು ಹೊರಡುವ ಮುಂಚೆಯೇ ಹಾಕಲಿ, ಗೂಗಲ್ ಮ್ಯಾಪ್ಸ್‌ನಲ್ಲಿ ದ್ವಿಚಕ್ರ ವಾಹನದ ಗುರುತನ್ನು ಆರಿಸಿಕೊಳ್ಳಲಿ. ಇದಕ್ಕಿಂತ ನನಗೆ ಇಷ್ಟವಾದ ರೀತಿ ಹಳೆಯದು. ಮನೆಯಲ್ಲೇ ಮ್ಯಾಪ್ ನೋಡಿ, ಮೂರು ತಿರುವುಗಳ ಹೆಸರನ್ನು ಬಾಯಿಪಾಠ ಮಾಡಿಕೊಂಡು ಹೋಗುವುದು. ದಾರಿ ತಪ್ಪಿದರೆ ಪೆಟ್ರೋಲ್ ಪಂಪಿನಲ್ಲಿ ಅಥವಾ ಒಳ ಓಣಿಯಲ್ಲಿ ನಿಲ್ಲಿಸಿ ನೋಡಲಿ. ಫ್ಲೈಓವರ್ ಮೇಲೆ, ಹೈವೇ ಅಂಚಿನಲ್ಲಿ ನಿಲ್ಲಿಸುವುದು ಬೇಡ. ಹೊಸ ಕಾತ್ರಜ್ ಸುರಂಗದಿಂದ ನವಲೆ ಬ್ರಿಡ್ಜ್‌ವರೆಗಿನ ಇಳಿಜಾರಿನಲ್ಲಂತೂ ಯಾವ ಕಾರಣಕ್ಕೂ ನಿಲ್ಲಬಾರದು. 2022ರ ನವೆಂಬರ್‌ನಲ್ಲಿ ಹತೋಟಿ ತಪ್ಪಿದ ಒಂದು ಟ್ರಕ್ ಹತ್ತಾರು ವಾಹನಗಳಿಗೆ ಬಡಿದದ್ದು ಅಲ್ಲೇ.

ಹಂತ 6: ನೋಡುವುದನ್ನು ಕಲಿಸಿ

"ನೋಡಬೇಡ" ಎಂಬುದು ಅರ್ಧ ಪಾಠ. ಯಾವುದನ್ನು ನೋಡಬೇಕು ಎಂಬುದು ಉಳಿದರ್ಧ, ಅದನ್ನು ಯಾರೂ ಕಲಿಸುವುದಿಲ್ಲ. ಹೊಸ ಚಾಲಕರಿಗೆ ರಸ್ತೆ ಖಾಲಿ ಕಾಣುತ್ತದೆ, ಖಾಲಿ ಅನ್ನಿಸಿದಾಗಲೇ ಕೈ ಫೋನಿಗೆ ಹೋಗುತ್ತದೆ. ಅನುಭವವುಳ್ಳವರ ಕಣ್ಣಿಗೆ ಅದೇ ರಸ್ತೆಯಲ್ಲಿ ಹತ್ತು ಸಂಗತಿಗಳು ಬೀಳುತ್ತವೆ.

ಕಂಡದ್ದನ್ನು ಬಾಯಿ ಬಿಟ್ಟು ಹೇಳುತ್ತ ಹೋಗುವ ಅಭ್ಯಾಸ ಇದಕ್ಕೆ ಮದ್ದು. ಚಾಲನೆ ಕಲಿಸುವವರು ಬೇರೆ ದೇಶಗಳಲ್ಲೂ ಇದನ್ನು ಬಳಸುತ್ತಾರೆ. ಲೈಸೆನ್ಸ್ ಬರುವ ಮೊದಲೇ, 15-16ನೇ ವಯಸ್ಸಿನಲ್ಲೇ ಶುರು ಮಾಡಬಹುದು. ನೀವು ಓಡಿಸಿ, ಮಗು ಹಿಂದೆ ಕೂತು ಹೇಳಲಿ. ಭಾನುವಾರ ಬೆಳಿಗ್ಗೆ ಕರ್ವೆ ಪುತಳಾದಿಂದ ಡೆಕ್ಕನ್ ಕಡೆ ಹೊರಡಿ. ಮೊದಲ ದಿನ ಅವರ ಬಾಯಿಂದ ಬರುವುದು "ಕಾರು... ಬಸ್ಸು... ಸಿಗ್ನಲ್" ಇಷ್ಟೇ. ಅವಸರ ಬೇಡ. ನೀವು ಒಂದೆರಡು ಸೇರಿಸಿ. ಕೆಲವು ವಾರ ಕಳೆಯಲಿ, ಮಾತಿನ ರೀತಿಯೇ ಬದಲಾಗುತ್ತದೆ:

"ರಿಕ್ಷಾ ಎಡಕ್ಕ ಸರೀತದ, ಫುಟ್‌ಪಾತ್ ಮ್ಯಾಲೆ ಯಾರೋ ಕೈ ಮಾಡ್ಯಾರ. ಬಸ್ ನಿಂತದ, ಅದರ ಮುಂದಿನಿಂದ ಯಾರರ ದಾಟಬಹುದು, ನನಗ ಕಾಣಂಗಿಲ್ಲ. ಪಾರ್ಕ್ ಮಾಡಿದ ಕಾರಿನ ಬ್ರೇಕ್ ಲೈಟ್ ಹತ್ತೇದ, ಒಳಗ ಮಂದಿ ಇದ್ದಾರ, ಬಾಗಲಾ ತೆಗೀತಾರ. ಪೌಡ್ ಫಾಟಾ ದಾಟಿದ್ವಿ, ಮೆಟ್ರೋ ಕಂಬದ ಹಿಂದಿನಿಂದ ಯಾರು ಬರ್ತಾರ ಗೊತ್ತಾಗಂಗಿಲ್ಲ."

ಆಗಬಹುದಾದದ್ದನ್ನು ಆಗುವ ಮೊದಲೇ ಹೇಳುವ ಮಗುವಿಗೆ ರಸ್ತೆ ಇನ್ನು ಖಾಲಿ ಅನ್ನಿಸುವುದಿಲ್ಲ. ಲರ್ನರ್ಸ್ ಬಂದ ಮೇಲೆ ಜಾಗ ಬದಲಿಸಿ: ಮಗು ಓಡಿಸಲಿ, ದ್ವಿಚಕ್ರದ ಲೈಸೆನ್ಸ್ ಇರುವ ನೀವು ಹಿಂದೆ ಕೂತುಕೊಳ್ಳಿ. ಓಡಿಸುತ್ತ ಮಾತಾಡುವುದು ಭಾರ ಅನ್ನಿಸಿದರೆ ಬಿಡಲಿ, ಸಾಮಾನ್ಯವಾಗಿ ಎರಡು-ಮೂರು ನಿಮಿಷದ ತುಣುಕುಗಳು ಸಾಕು. ಮೊದಲು ಸೊಸೈಟಿಯ ಸುತ್ತಲಿನ ರಸ್ತೆ, ಆಮೇಲೆ ಹಗಲಿನ ಕರ್ವೆ ರೋಡ್, ಆಮೇಲೆ ಸಂಜೆಯ ಟ್ರಾಫಿಕ್, ಕೊನೆಗೆ ರಾತ್ರಿ. ಈ ಕ್ರಮ ತಪ್ಪಿಸಬೇಡಿ. ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡಲು ನಿಮಗೆ ಸಮಯವಿದ್ದರೆ ಈ ಹಂತವನ್ನು ಮಾಡಿ.

ಹಂತ 7: ಗೆಳೆಯರ ಬಳಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಒಬ್ಬರೇ ಇದ್ದಾಗ ಜಾಣರಾಗಿರುವ ಮಕ್ಕಳು ಗುಂಪಿನಲ್ಲಿ ಬೇರೆಯೇ ಆಗುತ್ತಾರೆ. ಆವೇಗಕ್ಕೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಓರಗೆಯವರು ನೋಡುತ್ತಿದ್ದಾರೆ ಎಂದಾಗ ಅಪಾಯಕ್ಕೆ ಕೈ ಹಾಕುವ ಹುಮ್ಮಸ್ಸು ಹೆಚ್ಚುತ್ತದೆ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಪುಣೆಯಲ್ಲಿ ಇದಕ್ಕೆ ಎರಡು ರೂಪಗಳಿವೆ. ಎರಡು ಗಾಡಿಗಳು ಅಕ್ಕಪಕ್ಕ ಬಂದು ಹರಟುತ್ತ ಹೋಗುವುದು ಒಂದು. ಮಳೆಗಾಲದಲ್ಲಿ ಖಡಕ್‌ವಾಸಲಾ, ಸಿಂಹಗಡದ ಘಾಟಿಗೆ ಹೋಗುವಾಗ ಗಾಡಿ ಓಡುತ್ತಿರುವಂತೆಯೇ ರೀಲ್ ತೆಗೆಯುವುದು ಇನ್ನೊಂದು.

ಮೊದಲ ಕೆಲವು ತಿಂಗಳು ಹಿಂದೆ ಗೆಳೆಯರನ್ನು ಕೂರಿಸಿಕೊಳ್ಳುವುದು ಬೇಡ ಎಂದು ಒಪ್ಪಂದ ಮಾಡಿಕೊಳ್ಳಿ. ಲರ್ನರ್ಸ್ ಇರುವಾಗ ಕಲಿಸುವವರ ಹೊರತು ಬೇರೆ ಯಾರನ್ನೂ ಕೂರಿಸುವಂತೆ ಇಲ್ಲವೇ ಇಲ್ಲ. ಆಮೇಲೆ ಹಿಂದೆ ಕೂರುವವರಿಗೆ ಒಂದು ಕೆಲಸ ಕೊಡಿ. ಫೋನ್ ಅವರ ಕೈಯಲ್ಲಿ: ದಾರಿ ನೋಡುವುದು, ಕರೆ ಎತ್ತಿ "ಅವನು ಓಡಿಸ್ತಿದ್ದಾನ, ಆಮೇಲೆ ಮಾಡ್ತಾನ" ಎನ್ನುವುದು ಎಲ್ಲ ಅವರ ಪಾಲು. ಕೇಂದ್ರದ ಕಾಯ್ದೆಯ ಪ್ರಕಾರ ಟ್ರಿಪಲ್ ಸೀಟಿಗೆ 1,000 ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸಿಗೆ ತಡೆ. ಹೆಲ್ಮೆಟ್ ಇಲ್ಲದಿದ್ದರೂ ಹೀಗೆಯೇ, ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು.

ನಿಮ್ಮ ಮಗು ಬೇರೆಯವರ ಗಾಡಿಯ ಹಿಂದೆ ಕೂರುವ ದಿನಗಳೇ ಹೆಚ್ಚು, ಅದನ್ನು ಮರೆಯಬೇಡಿ. ಓಡಿಸುವವನು ಫೋನ್ ತೆಗೆದರೆ ಏನನ್ನಬೇಕು ಎಂದು ಮನೆಯಲ್ಲೇ ಅಭ್ಯಾಸ ಮಾಡಿಸಿ. "ಕೊಡು ಇಲ್ಲಿ, ನಾ ಟೈಪ್ ಮಾಡ್ತೀನಿ" ಎಂಬುದು ಎಲ್ಲಕ್ಕಿಂತ ಸುಲಭದ್ದು, ಇದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಕೇಳದಿದ್ದರೆ "ನನಗ ವಾಂತಿ ಬಂದಂಗ ಆಗ್ತದ, ನಿಲ್ಲಿಸು" ಎಂದು ಇಳಿದುಬಿಡಲಿ. ಅಲ್ಲಿಂದ ಯಾವ ಹೊತ್ತಿಗೆ ಕರೆದರೂ ನೀವು ಹೋಗಿ ಕರೆತರುತ್ತೀರಿ, ಆ ರಾತ್ರಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ ಎಂದು ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ.

ಹಂತ 8: ಕಾಗದದ ಮೇಲೆ ಬರೆಯಿರಿ

ಒಂದು ಪುಟ ಸಾಕು. ಮಕ್ಕಳ ಕೈಬರಹದಲ್ಲೇ ಇರಲಿ, ಎರಡೂ ಕಡೆಯವರು ಸಹಿ ಹಾಕಿ. ಮಗುವಿನ ಕಡೆಯಿಂದ: ಓಡುವಾಗಲೂ ಸಿಗ್ನಲ್ಲಿನಲ್ಲೂ ಫೋನ್ ಮುಟ್ಟುವುದಿಲ್ಲ, ಇಯರ್‌ಫೋನ್ ಹಾಕುವುದಿಲ್ಲ, ಹೊರಟಾಗ-ಮುಟ್ಟಿದಾಗ ತಿಳಿಸುತ್ತೇನೆ. ನಿಮ್ಮ ಕಡೆಯಿಂದ: ಓಡಿಸುವಾಗ ಕರೆ ಮಾಡುವುದಿಲ್ಲ, ತಡವಾಯಿತೆಂದು ಬೈಯುವುದಿಲ್ಲ, ಕರೆದಾಗ ಬರುತ್ತೇವೆ. "ತಡವಾದರೂ ಪರವಾಗಿಲ್ಲ" ಎಂಬ ಸಾಲು ಬಹಳ ಮುಖ್ಯ. ಅವಸರದಲ್ಲಿರುವವರೇ ಓಡಿಸುತ್ತ "ಫೈವ್ ಮಿನಿಟ್ಸ್" ಎಂದು ಟೈಪ್ ಮಾಡುವುದು.

ಮಾತು ತಪ್ಪಿದರೆ ಏನು ಎಂಬುದನ್ನೂ ಮೊದಲೇ ಬರೆದಿಡಿ. ಒಂದು ವಾರ ಕೀಲಿ ಇಲ್ಲ, ಕಾಲೇಜಿಗೆ ಮೆಟ್ರೋ ಅಥವಾ ಪಿಎಂಪಿ ಬಸ್ಸು. ಕೂಗಾಟ ಬೇಡ, ಹಳೆಯ ತಪ್ಪುಗಳ ಪಟ್ಟಿ ಬೇಡ. ತಾವಾಗಿಯೇ ಬಂದು "ಇವತ್ತು ಎತ್ತಿಬಿಟ್ಟೆ" ಎಂದರೆ ಶಿಕ್ಷೆಯೂ ಬೇಡ, ಯಾಕೆ ಎತ್ತಬೇಕಾಯಿತು ಎಂದು ಕೇಳಿ, ಆ ಕಾರಣವನ್ನು ಸರಿಪಡಿಸಿ. ಪೊಲೀಸರ ಕೈಗೆ ಸಿಕ್ಕರೆ ಕತೆ ಬೇರೆ. ಓಡಿಸುವಾಗ ಕೈಯಲ್ಲಿ ಹಿಡಿದ ಫೋನ್ ಬಳಸುವುದು 184ನೇ ಕಲಂ ಪ್ರಕಾರ ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ದಂಡಕ್ಕೂ ಆರು ತಿಂಗಳಿಂದ ಒಂದು ವರ್ಷದ ಸೆರೆವಾಸಕ್ಕೂ ಕೇಂದ್ರದ ಕಾಯ್ದೆಯಲ್ಲಿ ಅವಕಾಶವಿದೆ. ಮಕ್ಕಳ ಚಲನ್ನನ್ನು ನೀವು ಕಟ್ಟಿ ಮುಗಿಸಬೇಡಿ, ಅವರ ಪಾಕೆಟ್ ಮನಿಯಿಂದ ಹೋಗಲಿ.

ಹಂತ 9: ಕಾರು ಕೊಡುವಾಗ

ಗಾಜು ಏರಿಸಿದ ಕಾರಿನಲ್ಲಿ ಹೊರಗಿನ ಸದ್ದು ಕೇಳಿಸುವುದಿಲ್ಲ, ವೇಗ ತಿಳಿಯುವುದಿಲ್ಲ. ಹಾಡು, ಎಸಿ, ಸೀಟು, ಕನ್ನಡಿ ಎಲ್ಲವನ್ನೂ ಗೇರ್ ಹಾಕುವ ಮೊದಲು ಹೊಂದಿಸಲಿ. ಟಚ್ ಸ್ಕ್ರೀನ್ ಕೂಡ ಒಂದು ಫೋನೇ. ತಿಂಡಿ ತಿನ್ನುತ್ತ, ಕಾಲಡಿ ಬಿದ್ದ ಬಾಟಲಿಯನ್ನು ಬಗ್ಗಿ ಎತ್ತುತ್ತ ಓಡಿಸುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಗೆ ಮೊದಲ ವರ್ಷ ಒಬ್ಬರೇ ಹೋಗುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 10: ಏನಾದರೂ ಆದರೆ

112 ಮತ್ತು 108 ಎರಡೂ ನಂಬರು ಬಾಯಿಪಾಠ ಇರಲಿ. ಬೇರೆಯವರ ಅಪಘಾತ ಕಂಡು ಸಹಾಯಕ್ಕೆ ನಿಂತರೆ ಪೊಲೀಸರ ಕಾಟ ಎಂದು ಹೆದರಬೇಕಿಲ್ಲ. ಕಾಯ್ದೆಯ 134ಎ ಕಲಂ ಸಹಾಯ ಮಾಡಿದವರನ್ನು ರಕ್ಷಿಸುತ್ತದೆ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಸ್ವಂತ ಮಗುವೇ ಬಿದ್ದು ಫೋನ್ ಮಾಡಿದರೆ ಕೇಳಬೇಕಾದ ಮೊದಲ ಮಾತು "ಎಲ್ಲಿ ಪೆಟ್ಟಾತು?" ಎಂಬುದು. "ಫೋನ್ ನೋಡ್ತಿದ್ದೇನು?" ಎಂಬುದನ್ನು ಮನೆಗೆ ಬಂದು, ಗಾಯಕ್ಕೆ ಔಷಧ ಹಚ್ಚಿ, ಉಂಡ ಮೇಲೆ ಕೇಳಿದರಾಯಿತು.

ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ ತೀರಿಹೋದವರು 1,68,491 ಮಂದಿ. ಇವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನದವರು. ನಮ್ಮ ಮಕ್ಕಳು ಓಡಿಸುವುದೂ ಅದನ್ನೇ. ಆದ್ದರಿಂದ ಬರೆದಿಟ್ಟ ಆ ಪುಟವನ್ನು ಮೊದಲ ವರ್ಷ ತಿಂಗಳಿಗೊಮ್ಮೆ ತೆಗೆದು ಒಟ್ಟಿಗೆ ಓದಿ, ಬೇಡವಾದ ಸಾಲು ಹೊಡೆಯಿರಿ, ಬೇಕಾದದ್ದು ಸೇರಿಸಿ. ಜೂನ್ ತಿಂಗಳ ಮೊದಲ ಮಳೆ ಬಿದ್ದಾಗ ಮತ್ತೊಮ್ಮೆ ಮಗುವಿನ ಹಿಂದೆ ಕೂತು ಕರ್ವೆ ರೋಡಿಗೆ ಹೋಗಿ ಬನ್ನಿ. ಬೇಸಿಗೆಯಿಡೀ ರಸ್ತೆಗೆ ಸುರಿದ ಎಣ್ಣೆ ಆ ಮಳೆಗೆ ಮೇಲೆದ್ದಿರುತ್ತದೆ, ಜೀಬ್ರಾ ಕ್ರಾಸಿಂಗಿನ ಬಿಳಿ ಬಣ್ಣ ಜಾರುತ್ತದೆ, ಬ್ರೇಕ್ ಹಿಡಿದಲ್ಲಿ ಗಾಡಿ ನಿಲ್ಲುವುದಿಲ್ಲ. ಹಂತ 2ರ ಲೆಕ್ಕವನ್ನು ಆ ದಿನ ಮತ್ತೆ ಹಾಕಿಸಿ.